ಮೊದಲ ರೊಟ್ಟಿ ಲಿಫ್ಟರ್‌ಗೆ

ನಮ್ಮೂರ ಕಾಲೇಜಿಗೂ ನನಗೂ ಒಂದೇ ವಯಸ್ಸು. ನನ್ನನ್ನು ತೊಟ್ಟಿಲಿಗೆ ಹಾಕಿದ ವರ್ಷವೇ ದೊಡ್ಡಬಳ್ಳಾಪುರದಲ್ಲಿ, ನಮ್ಮ ಬೀದಿಯ ಹಿಂದಿನ ಬಯಲಿನಲ್ಲಿ, ಕಾಲೇಜು ಶುರುವಾಯಿತು. ಮದುವೆಯಾಗಿ ಮಗಳು ಹುಟ್ಟಿದ್ದ ನಮ್ಮ ಅಪ್ಪ ಅದರ ಮೊದಲ ವರ್ಷದ ವಿದ್ಯಾರ್ಥಿಯಾಗಿ ಸೇರಿಕೊಂಡರು. ದೊಡ್ಡಬೆಳವಂಗಲದಲ್ಲಿ ದೊಡ್ಡಪ್ಪ ಹೊಲ ಉತ್ತು ರಾಗಿ, ಅವರೆ, ಹುರುಳಿ ಕಳಿಸುತ್ತಿದ್ದರು. ಇಲ್ಲಿ ಅಪ್ಪ ಓದುತ್ತಿದ್ದರು. ಆದರೆ ಆ ಓದಿನ ಬಗ್ಗೆ ನಮ್ಮ ಮನೆಯಲ್ಲಿ ಯಾರೂ ಮಾತಾಡಿದ್ದು ನನಗೆ ನೆನಪಿಲ್ಲ. ಮಾತೆಲ್ಲ ವಾಲಿಬಾಲಿನದು. ಅಪ್ಪ ಆ ಕಾಲೇಜಿನ ಮೊದಲನೆಯ ಲಿಫ್ಟರ್. ನನ್ನ ನಾಮಕರಣದ ದಿನ ಬಯಲಿನಿಂದ ನೇರ ಬಂದು, ಒದ್ದೆ ಬನಿಯನ್ನಿನಲ್ಲೇ ನನ್ನ ಕಿವಿಯಲ್ಲಿ ಹೆಸರು ಹೇಳಿ, ಮತ್ತೆ ಬಯಲಿಗೆ ಓಡಿದರಂತೆ. ಅಮ್ಮ ಇದನ್ನು ಬಂದವರಿಗೆಲ್ಲ ಹೇಳುತ್ತಿದ್ದಳು, ಹೇಳುವಾಗ ನಗುತ್ತಿರಲಿಲ್ಲ.

"ನಿಮ್ಮಪ್ಪಂಗೆ ಆ ಬಾಲೇ ಮೊದಲ್ನೇ ಹೆಂಡ್ತಿ ಕಣೇ. ನಾನು ಎರಡನೇ ಸಂಬಂಧ."

ವಾಲಿಬಾಲ್ ಗೊತ್ತಿಲ್ಲದವರಿಗೆ ಲಿಫ್ಟರ್ ಎಂದರೆ ಯಾರೆಂದು ಹೇಳಬೇಕು. ಆಚೆ ಕಡೆಯಿಂದ ಬಂದ ಬಾಲನ್ನು ಒಬ್ಬ ಎತ್ತಿ ಕೊಡುತ್ತಾನೆ. ಕೊನೆಗೆ ಮತ್ತೊಬ್ಬ ನೆಗೆದು ನೆಟ್ಟಿನ ಮೇಲಿಂದ ಹೊಡೆಯುತ್ತಾನೆ. ಇವರಿಬ್ಬರ ನಡುವೆ ನಿಂತು, ಬಾಲನ್ನು ಹತ್ತೂ ಬೆರಳ ತುದಿಯಲ್ಲಿ ತೆಗೆದುಕೊಂಡು, ಹೊಡೆಯುವವನು ನೆಗೆಯುವ ಹೊತ್ತಿಗೆ ಸರಿಯಾಗಿ ಅವನ ಕೈಯ ಮುಂದೆ ಗಾಳಿಯಲ್ಲಿ ಇಟ್ಟುಬಿಡುವವನು ಲಿಫ್ಟರ್. ಆಟವನ್ನು ನಡೆಸುವವನು ಅವನು, ಚಪ್ಪಾಳೆ ಮಾತ್ರ ಬಾಲು ಹೊಡೆದವನಿಗೆ. ಬೇರೆ ಊರುಗಳಲ್ಲಿ ಹಾಗೆ. ನಮ್ಮೂರಲ್ಲಿ ಮಾತ್ರ ಹೊಡೆದವರ ಹೆಸರು ಯಾರಿಗೂ ನೆನಪಿಲ್ಲ, ಲಿಫ್ಟರ್‌ಗಳ ಹೆಸರು ಎಲ್ಲರಿಗೂ ಬಾಯಿಪಾಠ. ಇದಕ್ಕೆ ಕಾರಣ ನಮ್ಮ ಮನೆಯ ಜಗಲಿ.

ಮನೆ ಉದ್ದಕ್ಕೆ ಕಟ್ಟಿದ್ದು. ಬೀದಿಗೆ ಜಗಲಿ, ಅದರ ಹಿಂದೆ ನಡುಮನೆ, ಅದರ ಹಿಂದೆ ಅಡುಗೆಮನೆ, ಬಚ್ಚಲು, ಆಮೇಲೆ ಹಿತ್ತಿಲು. ಬಾಗಿಲುಗಳೆಲ್ಲ ಒಂದೇ ಸಾಲಿನಲ್ಲಿದ್ದುದರಿಂದ ಹಿತ್ತಿಲಲ್ಲಿ ಚೆಂಬು ಬಿದ್ದರೆ ಜಗಲಿಯಲ್ಲಿ ಕೇಳುತ್ತಿತ್ತು. ಕಾಲೇಜಿನಲ್ಲಿ ಸಾಮಾನಿಡಲು ಜಾಗವಿಲ್ಲವೆಂದು ಮೊದಲ ವರ್ಷ ಅಪ್ಪ ನೆಟ್ಟನ್ನೂ ಬಾಲನ್ನೂ ಮನೆಗೆ ತಂದಿಟ್ಟುಕೊಂಡರು. ಅಪ್ಪನ ಓದು ಮುಗಿದು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾದ ಮೇಲೂ ಅವು ಹಿಂದಿರುಗಿ ಹೋಗಲಿಲ್ಲ. ನೆಟ್ಟು ಅಟ್ಟದ ಮೇಲೆ, ರಾಗಿ ಮೂಟೆಗಳ ಪಕ್ಕ. ಬಾಲು ನಡುಮನೆಯ ಗೂಟದಲ್ಲಿ, ಒಂದು ಬಲೆಚೀಲದಲ್ಲಿ. ಅದು ಲೇಸು ಕಟ್ಟುವ ಚರ್ಮದ ಬಾಲು. ಚರ್ಮವೆಂದು ಅಮ್ಮ ಅದನ್ನು ಅಡುಗೆಮನೆಯ ಹೊಸಿಲು ದಾಟಲು ಬಿಡುತ್ತಿರಲಿಲ್ಲ, ಹಿತ್ತಿಲಿಗೆ ಒಯ್ಯುವುದಾದರೆ ಹೊರಗಿನಿಂದ ಸುತ್ತಿಕೊಂಡು ಹೋಗಬೇಕು. ಆದರೆ ಆಯುಧಪೂಜೆಯ ದಿನ ಕುಡುಗೋಲು, ಮಚ್ಚು, ಅಪ್ಪನ ಸೈಕಲ್ಲು, ಇವುಗಳ ಸಾಲಿನಲ್ಲಿ ಬಾಲಿಗೂ ಅಜ್ಜಿ ಕುಂಕುಮ ಇಡುತ್ತಿದ್ದರು. ಮಾರನೆಯ ದಿನ ಆಡಿದವರ ಕೈಯೆಲ್ಲ ಕೆಂಪು.

ಸಾಮಾನು ನಮ್ಮ ಮನೆಯಲ್ಲಿದ್ದುದರಿಂದ ಲಿಫ್ಟರ್ ಕೂಡ ನಮ್ಮ ಮನೆಯವನೇ ಎಂಬಂತೆ ನಡೆಯಿತು. ಮ್ಯಾಚಿನ ಬೆಳಿಗ್ಗೆ ಆ ವರ್ಷದ ಲಿಫ್ಟರ್ ಬಾಲು ಒಯ್ಯಲು ಬರುತ್ತಿದ್ದ. ಬಂದವನಿಗೆ ಅಜ್ಜಿ ಬೆಚ್ಚಗಿನ ಹರಳೆಣ್ಣೆಯಲ್ಲಿ ಬೆರಳು ನೀವುತ್ತಿದ್ದರು. ಆಮೇಲೆ ಒಲೆಯಿಂದ ಇಳಿದ ಮೊದಲ ರಾಗಿರೊಟ್ಟಿ ಅವನಿಗೆ, ಅದರ ಮೇಲೆ ಆ ದಿನ ಕಡೆದ ಬೆಣ್ಣೆಯ ಉಂಡೆ. ಅವನು ತಿನ್ನುವ ತನಕ ಮನೆಯ ಗಂಡಸಿಗೂ ರೊಟ್ಟಿ ಇಲ್ಲ. ಆ ದಿನ ಅವನು ನೀರು ಸೇದುವಂತಿಲ್ಲ, ಬಟ್ಟೆ ಹಿಂಡುವಂತಿಲ್ಲ, ತೆಂಗಿನಕಾಯಿ ಸುಲಿಯುವಂತಿಲ್ಲ. ಬೆರಳು ಹಗುರವಾಗಿರಬೇಕು. ಸಂಜೆ ಮ್ಯಾಚು ಮುಗಿದ ಮೇಲೆ ಜಗಲಿಯಲ್ಲಿ ಪಂಚಾಯಿತಿ.

ಅಲ್ಲಿ ಖಾಯಂ ಕೂರುತ್ತಿದ್ದವರು ಇಬ್ಬರು. ಒಬ್ಬರು ಬಷೀರಣ್ಣ. ಪೇಟೆಯಲ್ಲಿ ಟೈಲರ್ ಅಂಗಡಿ, ಒಂದು ಕಾಲದಲ್ಲಿ ಕಾಲೇಜಿನ ಎಡಗೈ ಲಿಫ್ಟರ್. ಇನ್ನೊಬ್ಬರು ಪಕ್ಕದ ಮನೆಯ ಗೋವಿಂದಪ್ಪ. ಮಗ್ಗದ ಯಜಮಾನರು, ಜನ್ಮದಲ್ಲಿ ಬಾಲು ಮುಟ್ಟಿದವರಲ್ಲ. ಎಲ್ಲರಿಗಿಂತ ಗಟ್ಟಿ ಗಂಟಲು ಅವರದೇ. ಚರ್ಚೆ ಯಾವಾಗಲೂ ಒಂದೇ: ನಮ್ಮ ಕಾಲೇಜಿನ ಲಿಫ್ಟರ್‌ಗಳಲ್ಲಿ ಮೊದಲನೇ ಜಾಗ ಯಾರಿಗೆ?

"ಮುನಿರಾಜು ಬಿಟ್ರೆ ಇನ್ಯಾರ್ ಸ್ವಾಮಿ? ಅವನ ಬೆರಳು ನೋಡಿದ್ರಾ? ಒಂದೊಂದೂ ನುಗ್ಗೇಕಾಯಿ!" ಇದು ಗೋವಿಂದಪ್ಪ. ಮುನಿರಾಜು ಎಂಬವನು ಅಪ್ಪನ ನಂತರದ ಲಿಫ್ಟರ್. ಕೆಲಸ ಸಿಕ್ಕಿ ಊರು ಬಿಟ್ಟು ಹೋಗಿದ್ದ. ಹೋದದ್ದರಿಂದಲೇ ದಿನೇ ದಿನೇ ಅವನ ಬೆರಳು ಬೆಳೆಯುತ್ತಿದ್ದವು.

"ಬೆರಳು ಉದ್ದ ಇದ್ರೆ ವೀಣೆ ನುಡಿಸ್ಲಿ ಬಿಡಿ," ಅನ್ನುತ್ತಿದ್ದರು ಬಷೀರಣ್ಣ. "ಎಡಗಡೆ ತಿರುಗ್ಕೊಂಡು ಬೆನ್ನ ಹಿಂದಕ್ಕೆ ಹಾಕ್ತಿದ್ದ ಗಂಡು ಈ ಊರಲ್ಲಿ ಒಬ್ಬನೇ. ಅವನೀಗ ನಿಮ್ಮ ಜುಬ್ಬ ಹೊಲೀತಾ ಇದಾನೆ."

"ಅದಕ್ಕೇ ಕಣಯ್ಯಾ, ಜೇಬು ಎಡಗಡೆ ತಿರುಗ್ಕೊಂಡದೆ!"

ಅಪ್ಪನ ಹೆಸರನ್ನು ಅಪ್ಪನೆದುರು ಯಾರೂ ಎತ್ತುತ್ತಿರಲಿಲ್ಲ, ಅದು ಮರ್ಯಾದೆ. ಅಪ್ಪ ಆಟಗಾರರ ಪಟ್ಟಿಯಲ್ಲಿ ಇರಲಿಲ್ಲ, ನ್ಯಾಯ ಹೇಳುವ ಜಾಗದಲ್ಲಿದ್ದರು. ಅವರು ಹೇಳುವ ನ್ಯಾಯ ಕಿವಿಯದು. ಲಿಫ್ಟ್ ನೋಡಬಾರದು, ಕೇಳಬೇಕು ಎನ್ನುತ್ತಿದ್ದರು. ಅಂಗೈ ತಗುಲಿದರೆ ಟಪ್ ಎನ್ನುತ್ತದೆ; ಶುದ್ಧ ಬೆರಳಿನ ಲಿಫ್ಟಿಗೆ ಸದ್ದೇ ಇಲ್ಲ. "ಯಾರ ಕೈಗೆ ಬಂದೆ ಅಂತ ಬಾಲಿಗೇ ಗೊತ್ತಾಗ್ಬಾರ್ದು" ಎನ್ನುವುದು ಅವರ ಮಾತು. ಬೀದಿಯ ತುಂಬ ಮಗ್ಗಗಳು ಲಟಕ್ ಪಟಕ್ ಎನ್ನುತ್ತಿದ್ದರೂ, ನಡುಮನೆಯಲ್ಲಿ ಮುದ್ದೆ ಮುರಿಯುತ್ತಾ ಕೂತೇ, ಬಯಲಿನಲ್ಲಿ ಅಭ್ಯಾಸ ಮಾಡುತ್ತಿರುವವನು ಯಾರೆಂದು ಹೇಳಿಬಿಡುತ್ತಿದ್ದರು. ಊರಿನವರು ಇದನ್ನು ನಂಬುತ್ತಿದ್ದರು. ನಾನಂತೂ ದೇವರಷ್ಟೇ ನಂಬಿದ್ದೆ.

ಏಕೆಂದರೆ ಆ ಕಿವಿಯ ಪಕ್ಕದಲ್ಲಿ ಬೆಳೆದವಳು ನಾನು. ಹಿತ್ತಿಲ ಹೊಂಗೆ ಮರದ ಕೊಂಬೆಗೆ ಅಪ್ಪ ಹಳೆಯ ಸೈಕಲ್ ರಿಮ್ಮೊಂದನ್ನು ಅಡ್ಡಡ್ಡಲಾಗಿ ಕಟ್ಟಿದ್ದರು, ಅದರ ಕೆಳಗೆ ಹೊಟ್ಟು ತುಂಬಿದ ಗೋಣಿಚೀಲಗಳು. ಎಸೆದ ಬಾಲನ್ನು ಲಿಫ್ಟ್ ಮಾಡಿ ಆ ರಿಮ್ಮಿನೊಳಗೆ ಇಳಿಸಬೇಕು. ಅಂಗೈ ತಗುಲಿದರೆ ಟಪ್. ರಿಮ್ಮಿಗೆ ತಗುಲಿದರೆ ಠಣ್. ಎರಡೂ ಇಲ್ಲದೆ ಗೋಣಿಚೀಲದ ಧೊಪ್ ಒಂದೇ ಕೇಳಿದರೆ ಅದು ಲಿಫ್ಟ್. ಕಚೇರಿಗೆ ಹೋಗುವ ಮುಂಚೆ ಪ್ರತಿ ಬೆಳಿಗ್ಗೆ ಅಪ್ಪ ಕೈ ಹಗುರ ಮಾಡಿಕೊಳ್ಳುತ್ತಿದ್ದರು, ಬಾಲು ಎಸೆಯುವವಳು ನಾನು. ಕೊನೆಗೆ "ಈಗ ನೀನು ಹಾಕು ಪುಟ್ಟೀ" ಎಂದು ಅವರು ಎಸೆಯುತ್ತಿದ್ದರು. ಧೊಪ್ ಎಂದಾಗ "ಭೇಷ್" ಎನ್ನುತ್ತಿದ್ದರು. ಅಪ್ಪ ಮೆಚ್ಚುಗೆಯಲ್ಲಿ ಜಿಪುಣರು. ನನಗೆ ಮೊದಲ ರ್‍ಯಾಂಕು ಬಂದಾಗ "ಹೂಂ" ಎಂದವರು, ಅಮ್ಮನ ಅಡುಗೆಗೆ ಒಂದು ದಿನವೂ ಏನನ್ನೂ ಅನ್ನದವರು, ಆ ಭೇಷನ್ನು ರಿಮ್ಮಿಗಾಗಿಯೇ ಇಟ್ಟುಕೊಂಡಿದ್ದರು. ಕಚೇರಿಯಿಂದ ತಂದುಕೊಟ್ಟಿದ್ದ ಡೈರಿಯಲ್ಲಿ ನಾನು ಒಂದೊಂದು ಭೇಷಿಗೆ ಒಂದೊಂದು ಗೀಟು ಎಳೆಯುತ್ತಿದ್ದೆ. ಮಳೆ ಬಂದ ದಿನ, ನೆಂಟರು ಬಂದ ದಿನ, ಕೋಳಿ ಮೊಟ್ಟೆ ಇಟ್ಟ ದಿನ ಎಲ್ಲವನ್ನೂ ಬರೆದಿಡುವ ಚಟ ನನ್ನದು. ಆದರೆ ತಿರುಗಿಸಿ ನೋಡುತ್ತಿದ್ದುದು ಆ ಗೀಟುಗಳನ್ನು ಮಾತ್ರ.

ನಾನು ಮಿಡ್ಲ್ ಸ್ಕೂಲು ಮುಗಿಸುತ್ತಿದ್ದ ವರ್ಷ ಚಂದ್ರು ಬಂದ. ದೊಡ್ಡಪ್ಪನ ಮಗ, ನಮ್ಮ ಕಾಲೇಜಿಗೆ ಸೇರಲು. ಒಂದು ತಗಡಿನ ಪೆಟ್ಟಿಗೆ, ಒಂದು ಮೂಟೆ ಹುರುಳಿ, ಉದ್ದನೆಯ ಕೈಗಳು. ನಡುಮನೆಯ ಮೂಲೆಯಲ್ಲಿ ಅವನ ಹಾಸಿಗೆ ಹಾಕಿದರು, ಸರಿಯಾಗಿ ಬಾಲಿನ ಗೂಟದ ಕೆಳಗೆ. ಮೊದಲ ವಾರವೇ ಅಪ್ಪ ಅವನನ್ನು ಹಿತ್ತಿಲಿಗೆ ಕರೆದರು. ಅಷ್ಟೇ. ಮರುದಿನದಿಂದ ಎಸೆಯುವವರು ಅಪ್ಪ, ಲಿಫ್ಟ್ ಮಾಡುವವನು ಚಂದ್ರು. ನಾನು ಬೇಲಿಯ ಕಳ್ಳಿಯೊಳಗೆ ಬಿದ್ದ ಬಾಲು ತರುವವಳು.

"ಚಿಕ್ಕಪ್ಪ, ಹೆಬ್ಬೆಟ್ಟು ಹಿಂಗಾ?"

"ಇನ್ನೂ ಒಳಗೆ. ಮಗೂ ತಲೆ ಹಿಡಿದಂಗೆ ಹಿಡೀಬೇಕು ಕಣೋ."

ಮಗುವಿನ ತಲೆ ಹಿಡಿದ ಹಾಗೆ ಎನ್ನುವ ಮಾತು ಅಲ್ಲಿಯತನಕ ನನಗೆ ಮಾತ್ರ ಹೇಳಿದ್ದೆಂದು ನಾನು ತಿಳಿದಿದ್ದೆ. ಅದನ್ನು ಅವನಿಗೂ ಕೊಟ್ಟುಬಿಟ್ಟರು. ಆ ದಿನವೇ ಡೈರಿಯ ಪುಟಕ್ಕೆ ನಡುವೆ ಗೆರೆ ಹೊಡೆದು ಒಂದು ಕಡೆ ಸರೋಜ ಎಂಬ ನನ್ನ ಹೆಸರಿನ 'ಸ', ಇನ್ನೊಂದು ಕಡೆ 'ಚಂ' ಎಂದು ಬರೆದೆ. ದೀಪಾವಳಿಯ ಹೊತ್ತಿಗೆ 'ಚಂ' ಪುಟದ ತಳ ಮುಟ್ಟಿ ಪಕ್ಕದ ಪುಟಕ್ಕೆ ಹರಿದಿತ್ತು. 'ಸ' ಇದ್ದಲ್ಲೇ ಇತ್ತು.

ಅವನನ್ನು ದ್ವೇಷಿಸುವುದು ಸುಲಭವಾಗಿದ್ದರೆ ಚೆನ್ನಾಗಿತ್ತು. ಅವನು ಉಂಡ ತಟ್ಟೆ ತಾನೇ ತೊಳೆಯುತ್ತಿದ್ದ. ಅಮ್ಮನಿಗೆ ಸೌದೆ ಸೀಳಿ ಕೊಡುತ್ತಿದ್ದ. ನನಗೆ ಗಣಿತ ಹೇಳಿಕೊಡಲು ಬರುತ್ತಿದ್ದ, ನನಗೆ ಗೊತ್ತಿದ್ದ ಲೆಕ್ಕವನ್ನೂ ಗೊತ್ತಿಲ್ಲವೆಂದು ಹೇಳಿ ನಾನು ಅವನ ಹೊತ್ತು ಹಾಳುಮಾಡುತ್ತಿದ್ದೆ, ಅವನು ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಮ್ಯಾಚಿನ ದಿನ ಅವನ ಸ್ನಾನದ ನೀರನ್ನು ಬಾವಿಯಿಂದ ಸೇದುವ ಕೆಲಸ ನನ್ನದು. ಅವನು ಅಜ್ಜಿಯ ಮುಂದೆ ಎರಡೂ ಕೈ ಚಾಚಿ ಎಣ್ಣೆ ಹಚ್ಚಿಸಿಕೊಳ್ಳುತ್ತ ಕೂತಿರುವುದು, ನಾನು ರಾಟೆಯ ಹಗ್ಗ ಎಳೆಯುತ್ತ ಅದನ್ನು ನೋಡುವುದು. ನನ್ನ ಅಂಗೈ ಹಗ್ಗಕ್ಕೆ ಕೆಂಪಾಗುತ್ತಿತ್ತು. ಆ ಕೈಗೆ ಯಾರೂ ಎಣ್ಣೆ ಹಚ್ಚಲಿಲ್ಲ.

ಒಂದು ದಿನ ತಡೆಯದೆ ಅಮ್ಮನ ಹತ್ತಿರ ಅಂದೆ.

"ಅಪ್ಪಂಗೆ ನಾನು ಕಾಣೋದೇ ಇಲ್ಲ."

ಅಮ್ಮ ಅವರೆಕಾಳು ಹಿಸುಕುತ್ತಿದ್ದಳು, ತಲೆ ಎತ್ತಲಿಲ್ಲ. "ಅವರಪ್ಪ ಹೊಲದಲ್ಲಿ ಬಿಸಿಲು ತಿಂದಿದ್ದಕ್ಕೆ ನಿಮ್ಮಪ್ಪ ಓದಿದ್ದು. ಅದು ಅವರ ಮನಸ್ಸಲ್ಲಿ ಕೂತದೆ. ಆ ಹುಡುಗನ ಮೇಲೆ ಕಿಚ್ಚು ಪಡ್ಬೇಡ."

"ನೀನು ಬಾಲಿನ ಮೇಲೆ ಪಡಲ್ವಾ?"

ಈಗ ತಲೆ ಎತ್ತಿದಳು. "ನಾನು ಪಟ್ಟು ಪಟ್ಟು ಸಾಕಾಗಿರೋಳು. ಅದಕ್ಕೇ ಹೇಳ್ದೆ."

ಅದೇ ಚಳಿಗಾಲದಲ್ಲಿ ಅಜ್ಜಿ ಇನ್ನೊಂದು ಕಟ್ಟಳೆ ತಂದರು. ಸರೋಜ ಬೆಳೆದಿದ್ದಾಳೆ, ಲಂಗ ಎತ್ತಿ ಕಟ್ಟಿಕೊಂಡು ಬಾಲು ಹಿಡಿಯುವುದು ಸಾಕು ಎಂದು. ಅಪ್ಪ ಏನಾದರೂ ಹೇಳುತ್ತಾರೆಂದು ಅವರ ಮುಖ ನೋಡಿದೆ. ಅವರು ಚಂದ್ರುವಿನ ಸ್ವೆಟರಿನ ತೋಳು ಬಿಗಿಯಾಗಿದೆಯೇ ಎಂದು ಎಳೆದು ನೋಡುತ್ತಿದ್ದರು. ಎಸೆಯಲು ಅಡ್ಡಿಯಿಲ್ಲ, ಲಿಫ್ಟ್ ಮಾತ್ರ ಬೇಡ ಎಂದಾಯಿತು. ಅಂದಿನಿಂದ ಸಂಜೆ ಸ್ಕೂಲು ಬಿಟ್ಟ ಮೇಲೆ, ಅಪ್ಪ ಕಚೇರಿಯಿಂದ ಬರುವ ಮುಂಚೆ, ಅಜ್ಜಿ ದೇವಸ್ಥಾನಕ್ಕೆ ಹೋದ ಹೊತ್ತು ನೋಡಿಕೊಂಡು ನಾನು ಹಿತ್ತಿಲಿಗೆ ಹೋಗುತ್ತಿದ್ದೆ. ಗೋಡೆಗೆ ಬಾಲು ಎಸೆದು, ಅದು ಪುಟಿದು ಬಂದಾಗ ರಿಮ್ಮಿಗೆ ಹಾಕುವುದು. ಆಟದ ಮೇಲಿನ ಪ್ರೀತಿಯಿಂದಲ್ಲ. ಚಂದ್ರು ಬೆಳಿಗ್ಗೆ ಎಲ್ಲಿ ತಪ್ಪಿದನೋ ಅಲ್ಲಿ ನಾನು ಸಂಜೆ ತಪ್ಪಬಾರದೆಂಬ ಹಟದಿಂದ. ಅಮ್ಮ ಬಚ್ಚಲ ಪಕ್ಕದ ಕಲ್ಲಿನ ಮೇಲೆ ಪಾತ್ರೆ ಉಜ್ಜುತ್ತ ಕೂತಿರುತ್ತಿದ್ದಳು. ನೋಡಿದ ಹಾಗೆ ತೋರಿಸಿಕೊಳ್ಳಲಿಲ್ಲ.

ಬೆಂಗಳೂರಿನ ಕಾಲೇಜೊಂದರ ತಂಡ ನಮ್ಮ ಬಯಲಿಗೆ ಮ್ಯಾಚಾಡಲು ಬರುವುದೆಂದು ಗೊತ್ತಾದಾಗ ಜಗಲಿಯ ಪಂಚಾಯಿತಿ ದಿನವೂ ನಡೆಯತೊಡಗಿತು. ಮ್ಯಾಚಿಗೆ ಇನ್ನೂ ಕೆಲವು ದಿನವಿದ್ದಾಗ, ಒಂದು ಸಂಜೆ ಬಷೀರಣ್ಣ ತೊಡೆ ತಟ್ಟಿ ಅಂದರು:

"ಗೋವಿಂದಪ್ಪ, ನೀವು ಮುನಿರಾಜು ಮುನಿರಾಜು ಅಂತ ಜಪ ಮಾಡ್ತೀರಲ್ಲ, ಈ ಹುಡುಗನ ಕೈ ಒಂದ್ಸಲ ಕೇಳ್ಬಿಡೋಣ. ನೋಡೋದು ಬೇಡ. ಇಲ್ಲೇ ಕೂತ್ಕೊಂಡು ಕೇಳಾಣ. ಇವತ್ತು ಹೇಳ್ಬಿಡ್ತೀನಿ ಮೊದಲ್ನೇ ಜಾಗ ಯಾರ್ದು ಅಂತ."

ಅಪ್ಪನಿಗೆ ಖುಷಿಯೋ ಖುಷಿ. ಗೋವಿಂದಪ್ಪ ಓಡಿ ಹೋಗಿ ತಮ್ಮ ಮಗ್ಗಗಳನ್ನೂ ಬೀದಿಯ ಉಳಿದ ಮಗ್ಗಗಳನ್ನೂ ನಿಲ್ಲಿಸಿ ಬಂದರು. ಬೀದಿ ಸುಮ್ಮನಾಯಿತು. ಮೂವರೂ ಹಿತ್ತಿಲಿಗೆ ಬೆನ್ನು ಮಾಡಿ ಕೂತರು. ಚಂದ್ರು ಹಿತ್ತಿಲಿಗೆ ಬಂದ, ಎಸೆಯಲು ನಾನು ಹೋದೆ.

ಅವನಿಗೆ ಹೆದರಿಕೆಯಾಗಿತ್ತು. ಬಯಲಿನಲ್ಲಿ ನೂರಾರು ಜನರೆದುರು ಆಡುವವನಿಗೆ, ಕಾಣದ ಮೂರು ಜೊತೆ ಕಿವಿಗಳು ಭಾರವಾದವು. ಮೊದಲನೆಯದು ಠಣ್. ಎರಡನೆಯದು ಟಪ್, ಠಣ್. ಆಮೇಲೆ ಎರಡು ಸರಿ ಬಂದವು, ಮತ್ತೆ ಠಣ್. ಜಗಲಿಯಿಂದ ಗೋವಿಂದಪ್ಪನ ನಗು ತೇಲಿ ಬಂತು: "ಏನಪ್ಪಾ ಇದು, ಗುಡಿಯಲ್ಲಿ ಮಂಗಳಾರತಿನಾ?" ನನ್ನೊಳಗೆ ಸಕ್ಕರೆ ಕರಗಿದ ಹಾಗೆ ಆಯಿತು, ಸುಳ್ಳು ಹೇಳಿ ಪ್ರಯೋಜನವಿಲ್ಲ. ಚಂದ್ರು ಅಂಗಿಯ ತುದಿಯಿಂದ ಕೈ ಒರೆಸಿಕೊಂಡ. ಮತ್ತೆ ಬೆವರಿತು. ಮತ್ತೆ ಒರೆಸಿಕೊಂಡ. ಬಾಲು ನನ್ನ ಕೈಗೆ ಕೊಟ್ಟು ಮೆಲ್ಲಗೆ ಅಂದ:

"ಸರೋಜ, ನನ್ನ ಕೈ ಒಣಗೋ ತನಕ ಒಂದೆರಡು ನೀನು ಹಾಕೇ. ನಾನು ಎಸೀತೀನಿ. ಸುಮ್ನೆ ನಿಂತ್ರೆ ಅವರು ಇನ್ನೂ ನಗ್ತಾರೆ."

ಎಸೆದ. ಬಾಲು ಹೊಂಗೆಯ ಎಲೆಗಳ ಎತ್ತರಕ್ಕೆ ಹೋಗಿ ಬಂತು. ನಾನು ಕೈ ಎತ್ತಿದ್ದು ನೆನಪಿದೆ, ಬಾಲು ಬೆರಳಿಗೆ ಬಂದದ್ದು ನೆನಪಿಲ್ಲ. ಧೊಪ್. ಮತ್ತೆ ಎಸೆದ. ಧೊಪ್. ಮೂರನೆಯದನ್ನು ಅವನು ಸ್ವಲ್ಪ ದೂರಕ್ಕೆ, ಬೇಕೆಂದೇ ಕಷ್ಟಕ್ಕೆ ಎಸೆದನೋ ಏನೋ, ನಾನು ಎರಡು ಹೆಜ್ಜೆ ಓಡಿ, ರಿಮ್ಮಿಗೆ ಬೆನ್ನು ಮಾಡಿ, ತಲೆಯ ಮೇಲಿಂದ ಹಿಂದಕ್ಕೆ ಬಿಟ್ಟೆ. ಗಾಳಿ ಇಲ್ಲ, ಮಗ್ಗ ಇಲ್ಲ. ಒಂದು ಕ್ಷಣ ಏನೂ ಕೇಳಲಿಲ್ಲ. ಆಮೇಲೆ ಧೊಪ್.

"ಭೇಷ್!" ಅಪ್ಪನ ಗಂಟಲು ಮೂರು ಬಾಗಿಲು ದಾಟಿ ಬಂತು. ಅಷ್ಟು ದೊಡ್ಡ ಭೇಷನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. "ಭೇಷ್ ಚಂದ್ರೂ! ಈಗ ಬಂತು ನೋಡು ಕೈ!"

ಚಂದ್ರು ನನ್ನ ಕಡೆ ನೋಡಿದ. ನಾನು ಅವನ ಕಡೆ ನೋಡಿದೆ. ಬಚ್ಚಲ ಪಕ್ಕದಲ್ಲಿ ಅಮ್ಮನ ಕೈಯ ಪಾತ್ರೆ ಸದ್ದು ನಿಲ್ಲಿಸಿತ್ತು.

"ಬಾರೋ ಇಲ್ಲಿ!" ಎಂದು ಬಷೀರಣ್ಣ ಕೂಗಿದರು. "ಮಗನೇ, ಓಡಿ ತಿರುಗಿದ ಹೆಜ್ಜೆ ಕೇಳ್ತು, ಕೊನೇದು ಬೆನ್ನ ಹಿಂದಿಂದಾ? ನನ್ನಾಣೆಗೂ ನಿಜ ಹೇಳು!"

"ಬಂದೆ," ಎಂದ ಚಂದ್ರು. ಹೋದ. ಅಲ್ಲಿ ಅವನ ಬೆನ್ನಿನ ಮೇಲೆ ಬಿದ್ದ ಪೆಟ್ಟುಗಳ ಸದ್ದು ಹಿತ್ತಿಲಿಗೆ ಕೇಳಿತು. ಅವನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ.

ನಾನು ಏಕೆ ಓಡಿಹೋಗಿ ಹೇಳಲಿಲ್ಲವೆಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಅಜ್ಜಿಯ ಭಯ ಸ್ವಲ್ಪ ಇತ್ತು. ಆದರೆ ನಿಜವಾದ ಕಾರಣ ಬೇರೆ. ಊರಿನ ಎಲ್ಲರ ಕೈಯ ಸದ್ದು ಗೊತ್ತಿದ್ದ ಅಪ್ಪನಿಗೆ ನನ್ನ ಕೈಯ ಸದ್ದು ಗೊತ್ತಾಗಬೇಕಿತ್ತು. ಹೇಳಿ ತಿಳಿಸುವುದಾದರೆ ಅದರಲ್ಲೇನಿದೆ? ನಾನು ಎಸೆದದ್ದನ್ನು ಹಿಡಿಯುತ್ತ, ನನಗೆ ಎಸೆಯುತ್ತ ಅಷ್ಟು ಬೆಳಗುಗಳನ್ನು ಕಳೆದವರು ನನ್ನ ಕೈಯನ್ನು ಕೇಳಿ ಇನ್ನೊಬ್ಬನ ಹೆಸರು ಕೂಗಿದರು. ಆ ಸಂಜೆ ಡೈರಿ ತೆರೆದೆ. ಆ ಭೇಷನ್ನು ಎಲ್ಲಿ ಬರೆಯಬೇಕೆಂದು ತಿಳಿಯಲಿಲ್ಲ. ಮಾಡಿದ್ದು ನಾನು, ಹೇಳಿದ್ದು ಅವನಿಗೆ. ನಡುವಿನ ಗೆರೆಯ ಮೇಲೇ ಒಂದು ಚುಕ್ಕಿ ಇಟ್ಟು ಮುಚ್ಚಿದೆ.

ಬಷೀರಣ್ಣ ಟೇಪು ಹಿಡಿದು ಅಳತೆ ತೆಗೆದವರಿಗೆಲ್ಲ ಆ ಲಿಫ್ಟಿನ ಕಥೆ ಹೇಳಿದರು. ಹಾಲಿನವನಿಗೂ ಗೊತ್ತಾಯಿತು. ನಮ್ಮ ಸ್ಕೂಲಿನ ಹುಡುಗಿಯರು ನನ್ನನ್ನೇ ಕೇಳಿದರು, "ನೀನು ಅಲ್ಲೇ ಇದ್ಯಂತಲ್ಲೇ, ಹೆಂಗಿತ್ತೇ?" ನಾನು "ಚೆನ್ನಾಗಿತ್ತು" ಎಂದೆ. ಮನೆಯಲ್ಲಿ ಚಂದ್ರು ನನ್ನ ಕಣ್ಣು ತಪ್ಪಿಸಿ ಓಡಾಡಿದ. ಗಣಿತ ಹೇಳಿಕೊಡಲು ಬರಲಿಲ್ಲ. ಸೌದೆ ಮಾತ್ರ ಬೇಕಾದ್ದಕ್ಕಿಂತ ಹೆಚ್ಚು ಸೀಳಿ ಗುಡ್ಡೆ ಹಾಕಿದ.

ಮ್ಯಾಚಿನ ಬೆಳಿಗ್ಗೆ ನಾನು ಎಂದಿನಂತೆ ನೀರು ಸೇದಿದೆ. ಅಜ್ಜಿ ಎಂದಿನಂತೆ ಎಣ್ಣೆ ಹಚ್ಚಿದರು. ಅಪ್ಪ, ಚಂದ್ರು, ನಾನು ಅಡುಗೆಮನೆಯ ಗೋಡೆಗೆ ಒರಗಿ ಸಾಲಾಗಿ ಕೂತೆವು. ಹುಚ್ಚೆಳ್ಳು ಚಟ್ನಿಯ ವಾಸನೆ. ಅಮ್ಮ ಹೆಂಚಿನಿಂದ ಮೊದಲ ರೊಟ್ಟಿ ತೆಗೆದಳು, ಅದರ ಮೇಲೆ ಬೆಣ್ಣೆಯ ಉಂಡೆ ಇಟ್ಟಳು, ಎದ್ದು ಬಂದಳು. ಚಂದ್ರು ತಟ್ಟೆಯನ್ನು ಸ್ವಲ್ಪ ಮುಂದಕ್ಕೆ ಸರಿಸಿದ. ಅಮ್ಮ ಅವನನ್ನು ದಾಟಿ ಬಂದು ರೊಟ್ಟಿಯನ್ನು ನನ್ನ ತಟ್ಟೆಗೆ ಹಾಕಿದಳು.

"ಏನೇ ಇದು?" ಅಂದರು ಅಪ್ಪ. "ಮೊದಲ್ನೇದು ಲಿಫ್ಟರ್‌ಗಲ್ವಾ?"

"ಹೌದು," ಅಂದಳು ಅಮ್ಮ. "ಅದಕ್ಕೇ."

ಮತ್ತೆ ಒಲೆಯ ಮುಂದೆ ಹೋಗಿ ಕೂತು ಎರಡನೆಯ ರೊಟ್ಟಿ ತಟ್ಟತೊಡಗಿದಳು. ಬೆಣ್ಣೆ ಕರಗಿ ರೊಟ್ಟಿಯ ಅಂಚಿಗೆ ಹರಿಯಿತು. ಅಪ್ಪ ಅಮ್ಮನ ಬೆನ್ನು ನೋಡಿದರು, ಚಂದ್ರುವಿನ ಬಗ್ಗಿದ ತಲೆ ನೋಡಿದರು, ಆಮೇಲೆ ನನ್ನ ಕೈ ನೋಡಿದರು. ಮುಖವಲ್ಲ, ಕೈ. ಹಗ್ಗ ಎಳೆದು ಕೆಂಪಾದ ಅಂಗೈಯನ್ನು ಮೇಲಕ್ಕೆ ತಿರುಗಿಸಿ, ಬೆರಳ ತುದಿಗಳನ್ನು ಒಂದೊಂದಾಗಿ ಒತ್ತಿ ನೋಡಿ ಬಿಟ್ಟರು.

"ಇನ್ನೊಂದು ಬೇಗ ಹಾಕು," ಎಂದರು ಅಮ್ಮನಿಗೆ. "ಇವನಿಗೆ ಹೊತ್ತಾಯ್ತು."

ಅಷ್ಟೇ ಅಂದದ್ದು. ನಾನು ರೊಟ್ಟಿ ತಿಂದೆ. ಅಷ್ಟು ದಿನ ಹಂಬಲಿಸಿದ ಬೆಣ್ಣೆ ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ಆದರೆ ಇಳಿಯಿತು, ಸಲೀಸಾಗಿ ಇಳಿಯಿತು. ಚಂದ್ರು ನೋಡುತ್ತಿದ್ದ ಹಾಗೇ ಬೆರಳನ್ನೂ ನೆಕ್ಕಿದೆ.

ಮ್ಯಾಚು ನಮ್ಮವರು ಗೆದ್ದರು. ಚಂದ್ರು ಆಡಿದ ಆಟವನ್ನು ಹೊಗಳಲು ನನಗೆ ಇವತ್ತಿಗೂ ಮನಸ್ಸಿಲ್ಲ, ಆದರೂ ಹೇಳುತ್ತೇನೆ: ಬೆಂಗಳೂರಿನವರಿಗೆ ಬಾಲು ಯಾವ ಕಡೆ ಹೋಗುತ್ತದೆಂದು ಕೊನೆಯ ತನಕ ತಿಳಿಯಲಿಲ್ಲ. ಸಂಜೆ ಜಗಲಿ ತುಂಬಿ ಬೀದಿಯಲ್ಲೂ ಜನ ನಿಂತರು. ಅಮ್ಮ ದೊಡ್ಡ ಪಾತ್ರೆಯಲ್ಲಿ ಕಾಫಿ ಮಾಡಿದ್ದಳು. ನಾನು ಲೋಟಗಳ ತಟ್ಟೆ ಹಿಡಿದು ನಡುಮನೆಯ ಬಾಗಿಲಿಗೆ ಬರುವ ಹೊತ್ತಿಗೆ ಬಷೀರಣ್ಣ ಎದ್ದು ನಿಂತಿದ್ದರು.

"ಕೇಳ್ರಪ್ಪಾ. ಇಷ್ಟು ದಿನ ನಾನೇ ಮೊದಲು ಅಂತ ಜಗಳ ಆಡ್ತಿದ್ದೋನು ನಾನು. ಇವತ್ತು ಬಿಟ್ಕೊಟ್ಟೆ. ಇವತ್ತಿನ ಮ್ಯಾಚಿಗಲ್ಲ. ಅವತ್ತು ಸಂಜೆ ಹಿತ್ತಿಲಲ್ಲಿ ಹಾಕಿದ್ನಲ್ಲ, ಬೆನ್ನ ಹಿಂದಿಂದು, ಸದ್ದೇ ಇಲ್ದೆ, ಅದಕ್ಕೆ. ಅದು ನನ್ನ ಕೈಲೂ ಬಂದಿಲ್ಲ. ಮೊದಲ್ನೇ ಜಾಗ ಚಂದ್ರೂದು. ಏನ್ ಗೋವಿಂದಪ್ಪ?"

"ಮುನಿರಾಜು ಎರಡನೇದು ಅಂತ ಬರ್ಕೊಂಡ್ರೆ ನಂದೇನೂ ತಕರಾರಿಲ್ಲ."

ಎಲ್ಲರೂ ಅಪ್ಪನ ಕಡೆ ತಿರುಗಿದರು. ನ್ಯಾಯ ಹೇಳುವವರು ಅವರು. ನಾನು ತಟ್ಟೆ ಹಿಡಿದು ಹೊಸಿಲಲ್ಲೇ ನಿಂತೆ. ಈಗ ಹೇಳುತ್ತಾರೆ, ಈಗ ನನ್ನ ಹೆಸರು ಬರುತ್ತದೆ. ಅಪ್ಪ ಹೆಗಲ ಮೇಲಿನ ಟವೆಲನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು.

"ಅವತ್ತಿಂದು ಲೆಕ್ಕಕ್ಕೆ ಹಿಡೀಬೇಡ ಬಷೀರ," ಎಂದರು. "ಅದು ಕಾಲೇಜಿಂದಲ್ಲ. ನಮ್ಮನೇದು."

ಯಾರಿಗೂ ಅರ್ಥವಾಗಲಿಲ್ಲ. ಗೋವಿಂದಪ್ಪ ನಕ್ಕರು. "ನಿಮ್ಮನೇಲಿ ಇನ್ಯಾರ್ರೀ ಲಿಫ್ಟರು? ಅಜ್ಜೀನಾ?"

"ಹೂಂ ಕಣಪ್ಪಾ, ನಾನೇ!" ಎಂದರು ಅಜ್ಜಿ ಒಳಗಿನಿಂದ, ಮತ್ತು ಇಡೀ ಜಗಲಿ ಹೋ ಎಂದು ನಕ್ಕಿತು. ಅಪ್ಪನೂ ನಕ್ಕರು. ಹೆಸರು ಹೇಳಬಹುದಿತ್ತು, ಬಾಯಿಯ ತನಕ ಬಂದಿತ್ತು, ನಗು ಬಂದು ಅದನ್ನು ಕೊಚ್ಚಿಕೊಂಡು ಹೋಯಿತು. ಅವರಿಗೆ ಅದರಿಂದ ಹಗುರವೂ ಆಯಿತೆಂದು ಅವರ ಹೆಗಲು ನೋಡಿ ನನಗೆ ತಿಳಿಯಿತು. ತಮ್ಮ ಕಿವಿ ತಪ್ಪಿತೆಂದು ಅಷ್ಟು ಜನರೆದುರು ಒಪ್ಪುವುದು ಅವರಿಗೆ ಸಣ್ಣ ವಿಷಯವಲ್ಲ.

ನಗು ತಗ್ಗಿದಾಗ ಚಂದ್ರು ಎದ್ದ. ಎಲ್ಲರ ನಡುವೆ, ಕೊರಳಲ್ಲಿ ಹಾರ ಇದ್ದ ಹಾಗೇ.

"ಅಜ್ಜಿ ಅಲ್ಲ ಗೋವಿಂದಪ್ನೋರೇ. ಅದು ಸರೋಜ ಹಾಕಿದ್ದು. ಮೂರೂ ಅವಳೇ. ನಾನು ಎಸೆದಿದ್ದಷ್ಟೇ."

ಬಷೀರಣ್ಣ ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ತಿರುಗಿದರು. "ಈ ಚೋಟುದ್ದ ಇರೋಳಾ? ಬೆನ್ನ ಹಿಂದಿಂದಾ?"

ನಾನು ತಲೆಯಾಡಿಸಿದೆ. ಬಷೀರಣ್ಣ ಮುಂದೆ ಬಂದು, ನನ್ನ ತಟ್ಟೆಯಿಂದ ಒಂದು ಲೋಟ ಕಾಫಿ ತೆಗೆದು, ನನಗೇ ಕೊಟ್ಟರು. "ಮೊದಲು ನೀನು ಕುಡಿ ತಾಯಿ." ಗೋವಿಂದಪ್ಪ ಆಗಲೇ ಹೊಸ ತಕರಾರು ತೆಗೆದಿದ್ದರು: ಕಾಲೇಜಿಗೆ ಸೇರದವಳನ್ನು ಕಾಲೇಜಿನ ಪಟ್ಟಿಯಲ್ಲಿ ಹೇಗೆ ಹಿಡಿಯುವುದು, ಹಿಡಿಯದಿದ್ದರೆ ಮೊದಲನೇ ಜಾಗ ಯಾರದು, ಹಾಗಾದರೆ ಮತ್ತೆ ಮುನಿರಾಜುವಿನದೇ ಅಲ್ಲವೇ. ಜಗಳ ದೀಪ ಹಚ್ಚುವ ತನಕ ನಡೆಯಿತು. ನಾನು ಕಾಲೇಜಿಗೆ ಸೇರುವ ತನಕ ಆ ಜಾಗವನ್ನು ಖಾಲಿ ಇಡುವುದೆಂದು ಬಷೀರಣ್ಣ ಸಾಧಿಸಿದರು.

ಆದರೆ ನಾನು ಅದನ್ನೆಲ್ಲ ಅರ್ಧ ಮಾತ್ರ ಕೇಳಿಸಿಕೊಂಡೆ. ನಾನು ನೋಡುತ್ತಿದ್ದುದು ಅಪ್ಪನನ್ನು. ಚಂದ್ರು ನನ್ನ ಹೆಸರು ಹೇಳಿದಾಗ ಅಪ್ಪ ನನ್ನ ಕಡೆ ನೋಡಲಿಲ್ಲ. ಕೈಗೆ ಬಂದ ಮೊದಲನೇ ಜಾಗವನ್ನು ಕೆಳಗಿಟ್ಟ ಅಣ್ಣನ ಮಗನ ಕಡೆ ನೋಡಿದರು. ಅವನ ಭುಜದ ಮೇಲೆ ಕೈಯಿಟ್ಟು, ಮೆಲ್ಲಗೆ, ನನಗೂ ಅವನಿಗೂ ಮಾತ್ರ ಕೇಳುವ ಹಾಗೆ, "ಭೇಷ್" ಎಂದರು.

ಆಟದಲ್ಲಿ ಗೆದ್ದ, ಸಾಲದೆಂದು ಒಳ್ಳೆಯವನೂ ಆಗಿಬಿಟ್ಟ. ಅವನ ಮೇಲೆ ಹೊಟ್ಟೆಕಿಚ್ಚು ಪಡ​ಲು ಇದ್ದ ಕೊನೆಯ ನ್ಯಾಯವಾದ ಕಾರಣವನ್ನೂ ಅವನು ನನ್ನಿಂದ ಕಿತ್ತುಕೊಂಡ. ಕಾರಣ ಹೋದರೂ ಕಿಚ್ಚು ಹೋಗಲಿಲ್ಲ.

ಆ ದಿನ ಡೈರಿ ತೆರೆದು, ಗೆರೆಯ ಮೇಲೆ ಕಾಯುತ್ತಿದ್ದ ಚುಕ್ಕಿಯನ್ನು ಅಳಿಸಿ, 'ಸ' ಕೆಳಗೆ ಒಂದು ಗೀಟು ಎಳೆದೆ. ಉದ್ದನೆಯ ಗೀಟು, ಎರಡು ಸಾಲಿನಷ್ಟು. ಆಮೇಲೆ ಲೆಕ್ಕ ಲೆಕ್ಕವೇ ಎಂದು 'ಚಂ' ಕೆಳಗೂ ಆ ಸಂಜೆ ಜಗಲಿಯಲ್ಲಿ ಸಿಕ್ಕ ಭೇಷಿನದನ್ನು ಎಳೆದೆ. ಗೀಟು ಎಂದು ಕರೆಯಲು ಎಷ್ಟು ಚಿಕ್ಕದಿರಬಹುದೋ ಅಷ್ಟು ಚಿಕ್ಕದಾಗಿ.